ಮೈ ಕೊಡವದ ಟಗರು

ನಮ್ಮ ಮನೆಯಲ್ಲಿ ಯಾವುದನ್ನೂ ಇದ್ದದ್ದು ಇದ್ದ ಹಾಗೆ ಹೇಳಿ ಪಾರಾಗುವಂತಿರಲಿಲ್ಲ. ಊಟಕ್ಕೆ ಕೂತರೆ ಅಮ್ಮ ಮುದ್ದೆ ಇಡುವಳು, ಅಪ್ಪ ಅದಕ್ಕೆ ಬೆರಳು ಊರುವನು, ಆವಿ ಏಳುವುದು, ಆ ಕ್ಷಣಕ್ಕೇ ನನ್ನ ಕಡೆ ತಿರುಗಿ ಕೇಳುವನು:

"ಪಾರಿ, ಯಾವುದರ ಹಂಗೈತೆ?"

ತುತ್ತು ಮುರಿಯುವ ಮೊದಲು ನಾನೊಂದು ಹೋಲಿಕೆ ಹೇಳಬೇಕು. ಬೆಳಗಿನ ಹೊತ್ತು ಕೆರೆಯ ಮೇಲೆ ಏಳುವ ಮಂಜಿನ ಹಂಗೆ ಅಂದರೆ ಅಪ್ಪನಿಗೆ ಸಾಲದು. "ಅದನ್ನ ಎಲ್ರೂ ಹೇಳ್ತಾರೆ, ನೀನು ನೋಡಿರೋದು ಹೇಳು" ಅನ್ನುವನು. ಚಳಿಗಾಲದಲ್ಲಿ ಮೇಯಲು ಹೊರಟ ಕುರಿಯ ಮೂಗಿನ ಉಸಿರಿನ ಹಂಗೆ ಅಂದ ದಿನ ತನ್ನ ತಟ್ಟೆಯ ಬೆಣ್ಣೆಯನ್ನೆಲ್ಲ ನನ್ನ ತಟ್ಟೆಗೆ ಬಳಿದ. ಬೆಣ್ಣೆಯ ಆಸೆಗೆ ನಾನು ಹಗಲೆಲ್ಲ ಹೋಲಿಕೆ ಹುಡುಕಿಕೊಂಡು ತಿರುಗುತ್ತಿದ್ದೆ. ಅಮ್ಮನಿಗೆ ಈ ಆಟ ಕಂಡರೆ ಆಗುತ್ತಿರಲಿಲ್ಲ. ಹಿಟ್ಟು ಬೀಸಿ, ಒಲೆ ಊದಿ, ಕೋಲು ತಿರುವಿ ಸುಸ್ತಾದವಳು ಅವಳು.

"ಮುದ್ದೆ ಮುದ್ದೆ ಹಂಗೇ ಐತೆ. ಆರೋದ್ರೊಳಗೆ ತಿನ್ರಿ ಇಬ್ರೂ."

ನಮ್ಮದು ಹೊಸದುರ್ಗದಿಂದ ಮಾಡದಕೆರೆ ಕಡೆಗೆ ಹೋಗುವ ದಾರಿಯ ಒಂದು ಹಟ್ಟಿ. ಮಣ್ಣಿನ ಮಾಳಿಗೆಯ ಮನೆ. ಮುಂದೆ ಪಡಸಾಲೆ, ಒಳಗೆ ಕತ್ತಲೆಯ ನಡುಮನೆ, ಅದರ ಮೂಲೆಯಲ್ಲಿ ಒಲೆ. ನಡುಮನೆಯ ಹಿಂದಿನ ಗೋಡೆಗೆ ಅಂಟಿಕೊಂಡೇ ಕುರಿ ರೊಪ್ಪ. ಮುಳ್ಳಿನ ಬೇಲಿಯ ಆ ರೊಪ್ಪದಲ್ಲಿ ಕುರಿ ಕೆಮ್ಮಿದರೆ ಒಳಗೆ ಮಲಗಿದ ನಮಗೆ ಪಕ್ಕದಲ್ಲಿ ಯಾರೋ ಕೆಮ್ಮಿದಂತೆ ಕೇಳುತ್ತಿತ್ತು. ಗೋಡೆ, ಕಂಬಳಿ, ನನ್ನ ಜಡೆ, ಅಪ್ಪನ ಪುಸ್ತಕ, ಎಲ್ಲಕ್ಕೂ ಕುರಿಯದೇ ವಾಸನೆ. ಶಾಲೆಯಲ್ಲಿ ಹುಡುಗಿಯರು ಮೂಗು ಮುಚ್ಚಿಕೊಂಡರೆ ನನಗೆ ಸಿಟ್ಟು ಬರುತ್ತಿತ್ತು. ಆದರೆ ರಜೆಯಲ್ಲಿ ನೆಂಟರ ಮನೆಗೆ ಹೋದರೆ ಆ ವಾಸನೆ ಇಲ್ಲದೆ ನಿದ್ದೆ ಬರುತ್ತಿರಲಿಲ್ಲ.

ಕುರಿಗಳು ಅಜ್ಜಿಯವು. ಅಜ್ಜಿ ಅಂದರೆ ಅಪ್ಪನ ತಾಯಿ. ಹೆಗಲ ಮೇಲೆ ಸದಾ ಒಂದು ಕರಿ ಕಂಬಳಿ, ಕೈಯಲ್ಲಿ ಉಣ್ಣೆ ನೂಲುವ ಕದಿರು, ಬಾಯಲ್ಲಿ ಯಾರಿಗಾದರೂ ಬೈಗುಳ. ಇಬ್ಬರು ಗಂಡುಮಕ್ಕಳನ್ನು ಹೆತ್ತು ಒಬ್ಬನನ್ನೂ ಕುರಿ ಹಿಂದೆ ಕಳಿಸಲಾಗಲಿಲ್ಲ ಅನ್ನುವುದು ಅವಳ ಕೊರಗು. ದೊಡ್ಡವನು ಸಿದ್ದಪ್ಪ, ನಮ್ಮಪ್ಪ, ಓದಿ ಮೇಷ್ಟ್ರಾದ. ದಿನಾ ಸೈಕಲ್ ಹತ್ತಿ ಬಾಗೂರಿನ ಕಡೆಯ ಒಂದು ಶಾಲೆಗೆ ಇತಿಹಾಸ ಹೇಳಲು ಹೋಗುವನು. ಚಿಕ್ಕವನು ನಿಂಗಪ್ಪ, ನನ್ನ ಚಿಕ್ಕಪ್ಪ, ಓದು ಹತ್ತದೆ ಮಿಲ್ಟ್ರಿ ಸೇರಿದ.

ಅಪ್ಪನಿಗೆ ಇತಿಹಾಸ ಅಂದರೆ ಯುದ್ಧ, ಯುದ್ಧ ಅಂದರೆ ಹೋಲಿಕೆ. ಕೂದಲು ಬಾಚುವಾಗ, ಸೈಕಲ್ಲಿಗೆ ಎಣ್ಣೆ ಬಿಡುವಾಗ, ಎಮ್ಮೆ ಮೈ ತೊಳೆಯುವಾಗಲೂ ಬಾಯಲ್ಲಿ ಯುದ್ಧದ ಸಾಲುಗಳೇ. ಬಾಣಗಳ ಮಳೆ, ಆನೆಗಳ ಗುಡುಗು, ಕತ್ತಿಗಳ ಮಿಂಚು. ಒಮ್ಮೆ ಅವನು ರಕ್ತದ ಹೊಳೆ ಹರಿಯಿತು ಅಂದಾಗ ನಾನು ಅದು ಎಷ್ಟು ಹರಿಯಿತು ಅಂತ ಕೇಳಿದೆ. ಯಾಕೆಂದರೆ ನಾನು ಕಂಡ ಹೊಳೆ ವೇದಾವತಿ ಒಂದೇ. ವರ್ಷದ ಮುಕ್ಕಾಲು ಪಾಲು ಅದರಲ್ಲಿ ಮರಳೇ ಇರೋದು, ಒರತೆ ತೋಡಿ ಚಿಪ್ಪಿನಲ್ಲಿ ನೀರು ಮೊಗೆಯಬೇಕು. ಅಪ್ಪ ನಕ್ಕುಬಿಟ್ಟ. ಆಮೇಲೆ ನನ್ನನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಹೇಳಿದ ಮಾತು ನನಗೆ ಈಗಲೂ ನೆನಪಿದೆ.

"ನೋಡವ್ವ, ಯುದ್ಧ ಯಾರು ಕಂಡೀವಿ? ನಾನೂ ಕಂಡಿಲ್ಲ, ನೀನೂ ಕಂಡಿಲ್ಲ. ಕಾಣದೇ ಇದ್ದಿದ್ದನ್ನ ಕಾಣಿಸ್ಬೇಕು ಅಂದ್ರೆ ಕಂಡಿರೋದನ್ನ ತಂದು ಮುಂದಿಡ್ಬೇಕು. ಹೋಲಿಕೆ ತೆಗೆದುಬಿಟ್ರೆ ಬರೀ ಸತ್ತೋರ ಲೆಕ್ಕ ಉಳೀತೈತೆ. ಅದನ್ನ ಕೇಳಾಕೆ ಯಾರು ಬರ್ತಾರೆ?"

ಮಾತು ಸರಿಯಾಗೇ ಇತ್ತು. ಮುಂದೆ ನಾನೂ ಹೊಳಲ್ಕೆರೆಯಲ್ಲಿ ಬಹಳ ಕಾಲ ಇತಿಹಾಸವನ್ನೇ ಪಾಠ ಮಾಡಿದೆ. ಅಪ್ಪನ ಆ ಮಾತನ್ನು ಪೂರ್ತಿ ಬಿಡಲು ನನಗೆ ಇವತ್ತಿಗೂ ಆಗಿಲ್ಲ.

ಬಾಂಗ್ಲಾ ಯುದ್ಧ ಶುರುವಾದಾಗ ಚಿಕ್ಕಪ್ಪ ಆ ಕಡೆಯೇ ಇದ್ದ. ಪಂಚಾಯ್ತಿ ರೇಡಿಯೋದ ಮುಂದೆ ಊರೆಲ್ಲ ಕೂರುತ್ತಿತ್ತು, ಅಪ್ಪನೇ ಸುದ್ದಿ ಬಿಡಿಸಿ ಹೇಳುತ್ತಿದ್ದ. ಅಜ್ಜಿ ಮಾತ್ರ ಆ ಕಡೆ ತಲೆ ಹಾಕಲಿಲ್ಲ. ಒಂದು ಬೆಳಗ್ಗೆ, ಹುಟ್ಟಿ ಇನ್ನೂ ಕಾಲು ನಿಲ್ಲದ ಗಂಡು ಮರಿಯೊಂದನ್ನು ಕಂಬಳಿಯಲ್ಲಿ ಸುತ್ತಿಕೊಂಡು, ಹೊಲದ ಬದುವಿನಲ್ಲಿ ಬೇವಿನ ಮರದ ಕೆಳಗಿರುವ ಚೌಡಮ್ಮನ ಕಲ್ಲಿನ ಹತ್ತಿರ ಹೋದಳು. ಮರಿಯನ್ನು ಕಲ್ಲಿನ ಮುಂದೆ ಎತ್ತಿ ಹಿಡಿದಳು.

"ನನ್ನ ಮಗನ್ನ ನನಗೆ ಕಳಿಸು. ಇದು ನಿಂದು."

ಇಷ್ಟೇ ಅವಳ ಹರಕೆ. ಯುದ್ಧ ಮುಗಿಯಿತು. ಚಿಕ್ಕಪ್ಪ ಉಳಿದ ಅಂತ ಕಾಗದ ಬಂತು, ಆದರೆ ರಜೆ ಸಿಕ್ಕಿ ಊರಿಗೆ ಬರಲು ಮತ್ತೊಂದು ವರ್ಷವೇ ಹಿಡಿಯಿತು. ಅಷ್ಟರಲ್ಲಿ ಹರಕೆ ಮರಿ ಟಗರಾಗಿ, ಕೊಂಬು ಸುರುಳಿ ಸುತ್ತಿ, ಹಟ್ಟಿಗೇ ಒಂದು ಪೀಡೆಯಾಗಿತ್ತು. ದೇವರದ್ದು ಅಂತ ಯಾರೂ ಹೊಡೆಯುವಂತಿರಲಿಲ್ಲ, ಅದು ಅದಕ್ಕೂ ಗೊತ್ತಿತ್ತು. ಯಾರ ಮನೆ ಅಂಗಳದಲ್ಲಿ ಕಾಳು ಒಣ ಹಾಕಿದ್ದರೂ ಹೋಗಿ ಬಾಯಿ ಹಾಕುವುದು. ನೀರು ಹೊತ್ತು ಬರುವ ಹೆಂಗಸರನ್ನು ಹಿಂದಿನಿಂದ ಗುಮ್ಮುವುದು. ಅಮ್ಮನನ್ನು ಒಮ್ಮೆ ಸಗಣಿ ಬುಟ್ಟಿಯ ಸಮೇತ ತಿಪ್ಪೆಗೆ ಕೆಡವಿತ್ತು. ಅದರ ಮೇಲೆ ನಮಗ್ಯಾರಿಗೂ ಎಳ್ಳಷ್ಟೂ ಪ್ರೀತಿ ಇರಲಿಲ್ಲ. ಕಥೆಗಳಲ್ಲಿ ಬರುವ ಹುಡುಗಿಯರ ಹಾಗೆ ನಾನು ಅದರ ಕೊರಳು ತಬ್ಬಿ ಅತ್ತದ್ದೂ ಇಲ್ಲ. ಯಾವಾಗ ಇದು ಸಾರಾಗುತ್ತದೋ ಅಂತ ಕಾಯುತ್ತಿದ್ದವರಲ್ಲಿ ನಾನೂ ಒಬ್ಬಳು.

ಚಿಕ್ಕಪ್ಪ ಬಂದ ದಿನ ಅಪ್ಪ ಶಾಲೆಗೆ ರಜೆ ಹಾಕಿದ್ದ. ತಮ್ಮನಿಗೆ ಟ್ರಂಕು ಇಳಿಸುವುದಕ್ಕೂ ಬಿಡದೆ ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂರಿಸಿಕೊಂಡ. ಇಷ್ಟು ವರ್ಷ ಬಾಯಲ್ಲಿ ಆಡುತ್ತಿದ್ದ ಯುದ್ಧವನ್ನು ಕಣ್ಣಲ್ಲಿ ಕಂಡವನು ಮನೆಗೇ ಬಂದಿದ್ದ.

"ಹೇಳಪ್ಪ ನಿಂಗ, ಹೆಂಗಿತ್ತು?"

"ಕೆಸರಿತ್ತು ಕಣಣ್ಣ."

"ಯಾವುದರ ಹಂಗೆ?"

"ಕೆಸರಿನ ಹಂಗೆ."

ಅಮ್ಮ ಒಳಗಿನಿಂದ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಅಪ್ಪ ಬಿಡಲಿಲ್ಲ. ಮಾರನೇ ದಿನ, ಅದರ ಮಾರನೇ ದಿನ, ಊಟಕ್ಕೆ ಕೂತಾಗ, ಹೊಲಕ್ಕೆ ಹೋದಾಗ ಕೇಳಿದ್ದನ್ನೇ ಕೇಳಿದ. ಬಾಂಬು ಬಿದ್ದಾಗ ಸದ್ದು ಹೆಂಗಿತ್ತು? ಜೋರಿತ್ತು. ಹೆದರಿಕೆ ಆತೇನು? ಆತು. ಏನು ತಿಂತಿದ್ರಿ? ಚಪಾತಿ. ಚಿಕ್ಕಪ್ಪ ಬೇಕಂತ ಸತಾಯಿಸುತ್ತಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ, ಉತ್ತರ ಮುಗಿದ ಮೇಲೆ ಸುಮ್ಮನಾಗುತ್ತಿದ್ದ. ಮೊದಲೆಲ್ಲ ಬಂದಾಗ ನನ್ನನ್ನು ಹೆಗಲ ಮೇಲೆ ಹೊತ್ತು ಊರು ಸುತ್ತಿಸುತ್ತಿದ್ದವನು ಈ ಸಲ ಹೆಚ್ಚು ಹೊತ್ತು ರೊಪ್ಪದಲ್ಲೇ ಇರುತ್ತಿದ್ದ. ಕುರಿಗಳ ಗೊರಸು ನೋಡುವುದು, ಉಣ್ಣಿ ಕೀಳುವುದು ಮಾಡುತ್ತಿದ್ದ. ಅಜ್ಜಿಗೆ ಖುಷಿಯೋ ಖುಷಿ. ಕೊನೆಗೂ ಒಬ್ಬ ಮಗ ಕುರಿ ಹತ್ತಿರ ಬಂದ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದಳು. ನನಗೆ ಮಾತ್ರ ಅವನು ಬೇರೆ ಯಾರೋ ಆಗಿ ಬಂದಿದ್ದಾನೆ ಅನ್ನಿಸುತ್ತಿತ್ತು. ಅದನ್ನು ಯಾರ ಮುಂದೆಯೂ ಹೇಳಲಾರದೆ ಒಳಗೊಳಗೇ ಸಂಕಟಪಡುತ್ತಿದ್ದೆ.

ಆ ದಿನಗಳಲ್ಲಿ ಅಪ್ಪ ಊರಿನವರಿಗೆ ಆಡಿಸಲು ದುರ್ಗದ ಮುತ್ತಿಗೆಯ ಮೇಲೆ ಒಂದು ನಾಟಕ ಬರೆಯುತ್ತಿದ್ದ. ಬಯಲಲ್ಲಿ ಬೀಡುಬಿಟ್ಟ ವೈರಿಗಳು, ಏಳು ಸುತ್ತಿನ ಕೋಟೆ, ಕೊನೆಯಲ್ಲಿ ಬಾಗಿಲು ಕಾಯುವ ಒಬ್ಬ ಮುದಿ ಸಿಪಾಯಿ. ಅರ್ಧ ಬರೆದಿದ್ದನ್ನು ಒಂದು ಸಂಜೆ ಪಡಸಾಲೆಯಲ್ಲಿ ಓದಿದ. ಪಾತ್ರ ಮಾಡುವವರು, ಅಕ್ಕಪಕ್ಕದವರು ಎಲ್ಲ ಸೇರಿದ್ದರು. ಅಪ್ಪ ಓದುವಾಗ ಕೈಯೆತ್ತಿ, ಕಣ್ಣು ಹಿಗ್ಗಿಸಿ, ಗೋಡೆಯ ಮೇಲಿನ ಹಲ್ಲಿ ಕೂಡ ಓಡಿಹೋಗುವ ಹಾಗೆ ಓದುತ್ತಿದ್ದ. ಮುದಿ ಸಿಪಾಯಿಯ ಮಾತು ಬಂತು: "ಕೋಟೆಯ ಬಾಗಿಲಲ್ಲಿ ಆ ವೈರಿಗಳನ್ನು ಕುರಿ ತರಿದಂತೆ ತರಿದೆವು." ಸೇರಿದವರು ಹೋ ಅಂದರು. ಇಬ್ಬರು ಸಿಳ್ಳೆ ಹೊಡೆದರು. ಮೈ ಜುಮ್ಮಂದು ನಾನೂ ಚಪ್ಪಾಳೆ ತಟ್ಟಿದೆ. ಕಂಬಕ್ಕೆ ಒರಗಿ ಕದಿರು ತಿರುವುತ್ತಿದ್ದ ಅಜ್ಜಿ ಮಾತ್ರ ಕದಿರು ನಿಲ್ಲಿಸಿದಳು.

"ಅಲ್ಲ ಸಿದ್ದಪ್ಪ, ಕುರಿ ತರಿದಂಗೆ ಅಂದ್ಯಲ್ಲ, ಅವರಿಗೆ ನೀರು ಹಾಕಿ ಕೇಳಿದ್ರಾ?"

"ಯುದ್ಧದಲ್ಲಿ ಯಾರು ಕೇಳ್ತಾರವ್ವ?"

"ಮತ್ತೆ ಕುರಿ ತರಿದಂಗೆ ಹೆಂಗಾತಲೇ? ನಮ್ಮ ಮನೇಲಿ ಹುಟ್ಟಿ ಹಿಂಗ್ ಬರೆದೀಯ."

ಎಲ್ಲರೂ ನಕ್ಕರು. ನಮ್ಮ ಕಡೆಯವರಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮಲ್ಲಿ ದೇವರಿಗೆ ಟಗರು ಕೊಡುವುದೆಂದರೆ ಮಚ್ಚು ಎತ್ತಿ ಕಡಿದುಬಿಡುವುದಲ್ಲ. ಮೊದಲು ಅದನ್ನು ಕೇಳಬೇಕು. ಅರಿಶಿನದ ನೀರನ್ನು ಅದರ ತಲೆಯಿಂದ ಬೆನ್ನಿನ ತನಕ ಹುಯ್ದು ಎಲ್ಲರೂ ಸುಮ್ಮನೆ ನಿಲ್ಲಬೇಕು. ಟಗರು ಮೈ ಕೊಡವಿದರೆ ಅದು ಒಪ್ಪಿತು, ದೇವರೂ ಒಪ್ಪಿತು ಅಂತ. ಕೊಡವದಿದ್ದರೆ ಕಾಯಬೇಕು. ಎಷ್ಟು ಕಾದರೂ ಕೊಡವದಿದ್ದರೆ ಮನೆಯವರಲ್ಲಿ ಯಾರೋ ಹೊಟ್ಟೆಯೊಳಗೆ ಮಾತು ಇಟ್ಟುಕೊಂಡಿದ್ದಾರೆ ಅಂತ ಅರ್ಥ, ಅದನ್ನು ಅಲ್ಲೇ ಆಡಿ ಮುಗಿಸಬೇಕು. ಕಡಿಯುವುದು ಆಮೇಲೆ. ಒಪ್ಪಿಗೆ ಕೇಳುವುದು ನಿಜವಾಗಿ ಕುರಿಗೋಸ್ಕರವೋ ಕಡಿಯುವವನ ಸಮಾಧಾನಕ್ಕೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆ ನಗುವಿನ ನಡುವೆ ಬಾಗಿಲ ಹತ್ತಿರ ನಿಂತಿದ್ದ ಚಿಕ್ಕಪ್ಪ ಮೆಲ್ಲಗೆ ಹೇಳಿದ:

"ಅಣ್ಣ, ಆ ಸಾಲು ತೆಗಿ."

"ಯಾಕೆ?"

"ಬ್ಯಾಡ. ತೆಗಿ."

ಅಪ್ಪನಿಗೆ ಅವಮಾನವಾಗಿರಬೇಕು. ಸಿಳ್ಳೆ ಬಿದ್ದ ಸಾಲು ಅದು. ಕಾರಣ ಹೇಳು ಅಂದ. ಚಿಕ್ಕಪ್ಪ ಹೇಳಲಿಲ್ಲ.

"ಯುದ್ಧ ಕಂಡು ಬಂದೋನು ನೀನು, ನಾಕು ಮಾತು ಹೇಳಾಕೆ ಆಗ್ಲಿಲ್ಲ ನಿನ್ ಕೈಲಿ. ಕಾಣದೋನು ನಾನು, ಒದ್ದಾಡಿ ಬರೆದ್ರೆ ಕಿತ್ತಾಕು ಅಂತೀಯ."

ಚಿಕ್ಕಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಅಂದಿನಿಂದ ಅಣ್ಣತಮ್ಮಂದಿರ ಮಾತು ನಿಂತಿತು. ಒಂದೇ ಪಡಸಾಲೆಯಲ್ಲಿ ಇಬ್ಬರೂ ಊಟಕ್ಕೆ ಕೂರುವರು, ಮಾತೆಲ್ಲ ನನ್ನ ಮೂಲಕ. "ಪಾರಿ, ನಿಮ್ಮ ಚಿಕ್ಕಪ್ಪನ್ನ ಕೇಳು, ಇನ್ನೊಂದು ಮುದ್ದೆ ಬೇಕಾ ಅಂತ." "ಪಾರಿ, ಸಾಕು ಅನ್ನು." ಇಬ್ಬರ ನಡುವೆ ಒಂದು ಮೊಳ ಜಾಗ ಇರುತ್ತಿತ್ತು ಅಷ್ಟೆ. ಅಪ್ಪ ಹೋಲಿಕೆ ಕೇಳುವುದನ್ನೂ ಬಿಟ್ಟ. ಮುದ್ದೆಯ ಆವಿ ಸುಮ್ಮನೆ ಎದ್ದು ಸುಮ್ಮನೆ ಹೋಗುತ್ತಿತ್ತು. ಆ ಆಟವನ್ನು ಬೈಯುತ್ತಿದ್ದ ಅಮ್ಮನೇ ಒಂದು ದಿನ ತಡೆಯಲಾರದೆ "ಏನಾದ್ರೂ ಕೇಳ್ರಿ ಆ ಹುಡ್ಗೀನ" ಅಂದಳು.

ಚಿಕ್ಕಪ್ಪನ ರಜೆ ಮುಗಿಯುತ್ತ ಬಂತು. ಅವನು ಹೊರಡುವುದರೊಳಗೆ ಹರಕೆ ತೀರಿಸಬೇಕು ಅಂತ ಅಜ್ಜಿ ದಿನ ಗೊತ್ತು ಮಾಡಿದಳು. ನೆಂಟರಿಗೆ ಹೇಳಿ ಕಳಿಸಿದ್ದಾಯಿತು. ಹಿಂದಿನ ದಿನ ಅಜ್ಜಿ ಒರಳಿನ ಮುಂದೆ ಖಾರ ಅರೆಯುತ್ತಿದ್ದಾಗ ಚಿಕ್ಕಪ್ಪ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

"ಅವ್ವ, ಟಗರು ಬ್ಯಾಡ. ಕಾಯಿ ಒಡೆದು ಬಿಟ್ಟುಬಿಡು."

"ಹರಕೆ ನಿಂದಲ್ಲ, ನಂದು. ಚೌಡಮ್ಮ ತನ್ನ ಮಾತು ನಡೆಸಿದಾಳೆ, ನಾನು ತಪ್ಪಿದ್ರೆ? ಇನ್ನೊಂದು ಯುದ್ಧ ಬರಲ್ಲ ಅಂತ ಏನು ಗ್ಯಾರಂಟಿ ಐತೆ? ಕೊಡದೆ ನಿನ್ನ ಕಳಿಸಿದ್ರೆ ಅವಳು ನಿನ್ನ ಮತ್ತೆ ನನಗೆ ಕಳಿಸ್ತಾಳೇನಪ್ಪ?"

ಬೈಗುಳವಿಲ್ಲದೆ ಅಜ್ಜಿ ಅಷ್ಟುದ್ದ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಟಗರು ಅವಳಿಗೆ ಟಗರಾಗಿರಲಿಲ್ಲ, ಮಗನನ್ನು ಮನೆಗೆ ಎಳೆದು ತರುವ ಹಗ್ಗವಾಗಿತ್ತು. ಚಿಕ್ಕಪ್ಪ ಎದ್ದು ರೊಪ್ಪದ ಕಡೆ ಹೋದ.

ಮಾರನೇ ದಿನ ಬಿಸಿಲು ಏರುವ ಹೊತ್ತಿಗೆ ಬೇವಿನ ಮರದ ಕೆಳಗೆ ನೆಂಟರೆಲ್ಲ ಸೇರಿದರು. ಮೂರು ಕಲ್ಲಿನ ಒಲೆ ಹೂಡಿ, ಹಂಡೆ ಇಟ್ಟು, ಈರುಳ್ಳಿ ಹೆಚ್ಚಿ ಆಗಿತ್ತು. ಚೌಡಮ್ಮನ ಕಲ್ಲಿಗೆ ಕುಂಕುಮ ಬಳಿದಿದ್ದರು. ಕಡಿಯುವವನು ಮಚ್ಚನ್ನು ಬೆನ್ನ ಹಿಂದೆ ಹಿಡಿದು ಒಂದು ಕಡೆ ನಿಂತಿದ್ದ, ಅದನ್ನು ಟಗರಿಗೆ ತೋರಿಸಬಾರದು ಅಂತ. ಕೊರಳಿಗೆ ಹೂವಿನ ಹಾರ ಹಾಕಿ ಟಗರನ್ನು ತಂದು ನಿಲ್ಲಿಸಿದರು. ದಾರಿಯುದ್ದಕ್ಕೂ ಅದು ಆ ಹಾರವನ್ನೇ ತಿನ್ನುತ್ತಾ ಬಂದಿತ್ತು. ಅಜ್ಜಿ ತಾಮ್ರದ ಚೊಂಬಿನಿಂದ ಅರಿಶಿನದ ನೀರು ಹುಯ್ದಳು. ತಲೆಯಿಂದ ಬೆನ್ನಿಗೆ, ಬೆನ್ನಿಂದ ಬಾಲಕ್ಕೆ ನೀರು ಇಳಿಯಿತು. ಎಲ್ಲರೂ ಸುಮ್ಮನಾದೆವು.

ಟಗರು ಕದಲಲಿಲ್ಲ. ಮಿಕ್ಕ ದಿನ ಒಂದು ಕ್ಷಣ ನಿಲ್ಲದ ಪ್ರಾಣಿ ಅಂದು ಕಲ್ಲಿನಂತೆ ನಿಂತು ಬಾಯಲ್ಲಿದ್ದ ಹೂವು ಅಗಿಯುತ್ತಿತ್ತು. ಅಜ್ಜಿ ಮತ್ತೆ ನೀರು ಹುಯ್ದಳು. ಕಿವಿಗೂ ನಾಲ್ಕು ಹನಿ ಬಿಟ್ಟಳು. ಊಹೂಂ. ಒಲೆಯ ಮೇಲೆ ಹಂಡೆಯ ನೀರು ಕುದಿಯಲು ಶುರುವಾಯಿತು. ಹಸಿದ ನೆಂಟರು ಕಾಲು ಬದಲಿಸಿ ನಿಂತರು. ಕೊನೆಗೆ ಹಿರಿಯರೊಬ್ಬರು, ಮನೆಯವರು ಒಳಗಿದ್ದದ್ದು ಆಡಿಬಿಡ್ರಿ ಅಂದರು. ಮೊದಲು ಅಮ್ಮ ಮುಂದೆ ಬಂದಳು.

"ಈ ಮನೇಲಿ ಮುದ್ದೆ ಯಾವುದರ ಹಂಗೈತೆ ಅಂತ ಕೇಳೋರು ಅವ್ರೆ, ರಾಗಿ ಬೀಸಾಕೆ ಕೈ ಕೊಡೋರು ಒಬ್ರಿಲ್ಲ. ಅಷ್ಟೇ ನನ್ನ ಹೊಟ್ಟೇಲಿರಾದು."

ಎಲ್ಲರೂ ನಕ್ಕರು, ಅಪ್ಪ ನೆಲ ನೋಡಿದ. ಟಗರು ಅಗಿಯುತ್ತಲೇ ಇತ್ತು. ಅಜ್ಜಿ ಇಬ್ಬರು ಮಕ್ಕಳ ಕಡೆ ತಿರುಗಿದಳು.

"ನೀವಿಬ್ರೂ ಮಾತು ಬಿಟ್ಟೀರಿ. ನಾನು ಕಾಣೆ ಅಂದ್ಕಂಡ್ರಾ? ಏನೈತೋ ಆಡ್ರಿ ಇಲ್ಲೇ."

"ನನ್ನಲ್ಲೇನಿಲ್ಲವ್ವ" ಅಂದ ಅಪ್ಪ. "ಸಾಲು ಯಾಕೆ ತೆಗೀಬೇಕು ಅಂತ ಕೇಳ್ದೆ. ಅವನು ಹೇಳ್ಲಿಲ್ಲ."

ಚಿಕ್ಕಪ್ಪ ಟಗರಿನ ಒದ್ದೆ ಬೆನ್ನನ್ನೇ ನೋಡುತ್ತಿದ್ದ. ಅವನು ಮಾತಾಡಿದ್ದು ಜೋರಾಗಿ ಅಲ್ಲ, ಆದರೆ ಅಲ್ಲಿ ಎಲೆ ಅಲ್ಲಾಡಿದರೂ ಕೇಳುತ್ತಿತ್ತು.

"ಯುದ್ಧದಲ್ಲಿ ಅವತ್ತಿನ ಜಗಳ ಮುಗಿದಿತ್ತು. ನಮ್ಮೋರು ಮುಂದೆ ಹೋಗಿದ್ರು. ಒಂದು ಕಾಲುವೆ ಪಕ್ಕದಲ್ಲಿ ಅವರ ಕಡೆಯೋನು ಒಬ್ಬ ಬಿದ್ದಿದ್ದ. ನನಗಿಂತ ಚಿಕ್ಕೋನು. ಹೊಟ್ಟೆಗೆ ಗುಂಡು ಬಿದ್ದಿತ್ತು. ಕಣ್ಣು ಬಿಟ್ಕಂಡು ನನ್ನ ಬಾಟ್ಲಿ ನೋಡ್ತಿದ್ದ. ಕುಡಿಸಾಕೆ ಹೋದೆ, ಒಳಗೆ ಇಳೀಲಿಲ್ಲ. ಬಿಸ್ಲಿತ್ತು. ಒಸಿ ತಂಪಾಗ್ಲಿ ಅಂತ ಮುಖಕ್ಕೆ, ಕತ್ತಿಗೆ ಹುಯ್ದೆ."

ಅಜ್ಜಿ ಚೊಂಬು ಹಿಡಿದುಕೊಂಡೇ ಇದ್ದಳು.

"ಮೈ ಕೊಡವಿದ ಅವ್ವ. ತಲೆಯಿಂದ ಕಾಲಿನ ತನಕ. ಆಮೇಲೆ ಹೋದ. ನಾನು ಅವನ್ನ ಏನೂ ಕೇಳಿರ್ಲಿಲ್ಲ. ನೀರು ಹಾಕ್ದೆ ಅಷ್ಟೆ."

ಯಾರೋ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡಳು.

"ಈಗ ಇದು ಕೊಡವಿದ್ರೆ ನಾನು ನೋಡ್ಲಾರೆ. ಇಷ್ಟೇ ಅಣ್ಣ, ನಿನ್ನ ಸಾಲು ತೆಗಿ ಅಂದಿದ್ದಕ್ಕೂ ಇಷ್ಟೇ."

ಹೊಟ್ಟೆಯಲ್ಲಿದ್ದ ಮಾತು ಹೊರಗೆ ಬಂದಾಗಿತ್ತು, ಪದ್ಧತಿಯ ಪ್ರಕಾರ ಟಗರು ಇನ್ನು ಕೊಡವಲೇಬೇಕು. ಎಲ್ಲರ ಕಣ್ಣೂ ಅದರ ಮೇಲೆ. ಅದರ ಹೆಗಲ ಚರ್ಮ ಒಂದು ಸಲ ಅದುರಿತು. ಅದುರಿದ್ದನ್ನು ನಾನು ಕಂಡೆ. ಅಷ್ಟರಲ್ಲಿ ಅಜ್ಜಿ ಚೊಂಬು ಕೆಳಗೆ ಹಾಕಿ, ಹೆಗಲ ಕಂಬಳಿ ಎಳೆದು ಟಗರಿನ ಮೇಲೆ ಬಿದ್ದಳು. ತಲೆ, ಕಿವಿ, ಕೊರಳು, ಬೆನ್ನು, ಎಲ್ಲ ಒತ್ತಿ ಒತ್ತಿ ಒರೆಸಿದಳು. ಮಗುವಿಗೆ ಎರೆದು ತಲೆ ಒರೆಸುವಾಗ ಒತ್ತುವ ಹಾಗೆಯೇ ಒತ್ತಿದಳು. ಒಂದು ಹನಿ ಉಳಿಯಲಿಲ್ಲ. ಆಮೇಲೆ ಆ ಒದ್ದೆ ಕಂಬಳಿಯನ್ನು ಎದೆಗೆ ಹಿಡಿದು ಕಲ್ಲಿನ ಕಡೆ ತಿರುಗಿದಳು.

"ತಾಯಿ, ಟಗರನ್ನ ಕೇಳಿದ್ದನ್ನ ವಾಪಸ್ ತಗಂಡೀನಿ. ಇದು ನಿಂದೇ, ಬದುಕಿರೋ ತನಕ ನಿನ್ನ ಹೆಸರಲ್ಲೇ ಮೇಯ್ಲಿ. ಸಿಟ್ಟು ಬಂದ್ರೆ ನನ್ನ ಮೇಲೆ ತೀರಿಸ್ಕ. ಅವನ್ನ ಮಾತ್ರ ಮುಟ್ಟಬ್ಯಾಡ."

ಹಾಗೆ ಕೊಟ್ಟ ಹರಕೆಯನ್ನು ನೀರು ಬಿದ್ದ ಮೇಲೆ ಹಿಂದಕ್ಕೆ ತೆಗೆದುಕೊಂಡವರನ್ನು ನಮ್ಮ ಸುತ್ತಿನಲ್ಲಿ ಯಾರೂ ಕಂಡಿರಲಿಲ್ಲ. ಹಿರಿಯರು ಗೊಣಗಿದರು. ಕಡಿಯುವವನು ಮಚ್ಚನ್ನು ಎಲ್ಲಿ ಇಡಬೇಕೋ ತಿಳಿಯದೆ ಒದ್ದಾಡಿದ. ಅರೆದಿಟ್ಟ ಖಾರಕ್ಕೆ ಅಮ್ಮ ಹುರುಳಿಕಾಳು ಹಾಕಿ ಸಾರು ಮಾಡಿದಳು. ಬಾಡೂಟಕ್ಕೆ ಬಂದವರು ಹುರುಳಿಸಾರು ಉಂಡು, ಮುಖ ದಪ್ಪ ಮಾಡಿಕೊಂಡು ಎದ್ದರು. ಹೊರಟ ನೆಂಟರೊಬ್ಬರನ್ನು ಟಗರು ಹಿಂದಿನಿಂದ ಗುಮ್ಮಿತು.

ಮನೆಗೆ ಬರುವಾಗ ಅಪ್ಪ, ಚಿಕ್ಕಪ್ಪ ಒಟ್ಟಿಗೆ ನಡೆದರು. ಮಾತಾಡಿದರೋ ಇಲ್ಲವೋ ನಾನು ಕೇಳಲಿಲ್ಲ. ಆದರೆ ಆ ರಾತ್ರಿ ಊಟಕ್ಕೆ ಕೂತಾಗ ಅಪ್ಪ ನನ್ನನ್ನು ದಾಟಿ, ನೇರವಾಗಿ, "ಇನ್ನೊಂದು ಹಾಕಿಸ್ಕಳಲೇ ನಿಂಗ" ಅಂದ. ಚಿಕ್ಕಪ್ಪ ಹಾಕಿಸಿಕೊಂಡ.

ನಾಟಕ ಆಡಿದ್ದು ಚಿಕ್ಕಪ್ಪ ಹೊರಟುಹೋದ ಮೇಲೆ. ಕುರಿ ತರಿದ ಸಾಲು ಅದರಲ್ಲಿ ಇರಲಿಲ್ಲ. ಬಾಣಗಳ ಮಳೆ, ಕತ್ತಿಗಳ ಮಿಂಚು ಎಲ್ಲ ಇದ್ದವು, ಅವನ್ನು ಬಿಡಲು ಅಪ್ಪನಿಗೆ ಮನಸ್ಸು ಬಂದಿರಲಿಲ್ಲ. ಆದರೆ ಕೊನೆಗೆ ಮುದಿ ಸಿಪಾಯಿ ಬಾಗಿಲ ಹತ್ತಿರ ಬಂದು ಇಷ್ಟೇ ಅಂದ: "ಬಿದ್ದವನು ನನ್ನ ಚೊಂಬು ನೋಡಿದ. ನೀರು ಕೊಟ್ಟೆ." ಸಿಳ್ಳೆ ಬೀಳಲಿಲ್ಲ. ಹಿಂದೆ ಕೂತಿದ್ದ ಯಾರೋ "ಆಮೇಲೇನಾತು?" ಅಂತ ಕೂಗಿ ಕೇಳಿದರು. ಪಾತ್ರ ಮಾಡುತ್ತಿದ್ದವನಿಗೆ ಮುಂದೆ ಮಾತು ಬರೆದುಕೊಟ್ಟಿರಲಿಲ್ಲ, ಪಾಪ, ಸುಮ್ಮನೆ ನಿಂತ. ನಾಟಕ ಚೆನ್ನಾಗಿತ್ತು, ಕೊನೆ ಮಾತ್ರ ಸಪ್ಪೆಯಾಯಿತು ಅಂತ ಊರಲ್ಲಿ ಬಹಳ ಜನ ಹೇಳಿದರು.

ಅಜ್ಜಿಯ ಪಾಲಿಗೆ ಆಮೇಲಿನ ವರ್ಷಗಳು ಸುಲಭದವಾಗಿರಲಿಲ್ಲ. ಅವಳು ದೇವರನ್ನು ನಂಬಿದವಳು, ನಂಬಿದ್ದಕ್ಕೇ ಹೆದರಿಕೆ. "ನಾನು ಕೇಳಿದ್ದನ್ನ ವಾಪಸ್ ತಗಂಡೆ, ಚೌಡಮ್ಮ ಕೊಟ್ಟಿದ್ದನ್ನ ವಾಪಸ್ ತಗಂಡ್ರೆ?" ಈ ಮಾತನ್ನು ನನ್ನ ಹತ್ತಿರ ಒಂದೇ ಸಲ ಆಡಿದ್ದು, ಆದರೆ ಅದು ಅವಳ ಕಣ್ಣಲ್ಲಿ ದಿನಾ ಇರುತ್ತಿತ್ತು. ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಕದಿರು ನಿಲ್ಲುತ್ತಿತ್ತು. ಹಟ್ಟಿಯವರೆಲ್ಲ ಬೈದರೂ ಟಗರಿಗೆ ತನ್ನ ಕೈಯಾರೆ ಹುಲ್ಲು, ನೀರು ಇಡುತ್ತಿದ್ದಳು. ಚಿಕ್ಕಪ್ಪ ರಜೆಗೆ ಬಂದಾಗ ಮೋಡ ಕವಿದರೆ ಸಾಕು, ಓಡಿಹೋಗಿ ಟಗರನ್ನು ಹಿತ್ತಲ ಮಾಡಿನ ಕೆಳಗೆ ಕಟ್ಟಿಬಿಡುವಳು. ಯಾಕೆ ಅಂತ ಯಾರೂ ಕೇಳುತ್ತಿರಲಿಲ್ಲ. ಅದು ನೆನೆಯಬಾರದು, ನೆನೆದರೆ ಕೊಡವುತ್ತದೆ, ಕೊಡವಿದರೆ ಅವನು ನೋಡುತ್ತಾನೆ. ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದೂ ಯಾರೂ ಬಾಯಿಬಿಟ್ಟು ಹೇಳದ ಕೆಲಸ ಅದು. ಅಮ್ಮ, ನಾನು ಕೂಡ ಒಮ್ಮೊಮ್ಮೆ ಹಗ್ಗ ಹಿಡಿದು ಓಡಿದ್ದುಂಟು. ಆ ಟಗರಿನ ಕೈಯಲ್ಲಿ ಗುಮ್ಮಿಸಿಕೊಂಡು, ಬೈದುಕೊಂಡು, ಒಣಗಿರುವಂತೆ ಅದನ್ನು ಕಾದೆವು.

ಚಿಕ್ಕಪ್ಪ ಮಿಲ್ಟ್ರಿ ಬಿಟ್ಟು ಪೂರ್ತಿ ಊರಿಗೆ ಬಂದ ದಿನ ಮುಂಗಾರಿನ ಮೊದಲ ಮಳೆ. ಬಸ್ಸಿನಿಂದ ಇಳಿದು ನಡೆದು ಬಂದವನು ಅಂಗಳಕ್ಕೆ ಕಾಲಿಡುವ ಹೊತ್ತಿಗೆ ಮಳೆ ಸುರಿದು ನಿಂತಿತ್ತು. ಮಗ ಬಂದ ಗಲಾಟೆಯಲ್ಲಿ ಅಜ್ಜಿ ಟಗರನ್ನು ಮರೆತಿದ್ದಳು. ಅದಕ್ಕೂ ಮುಪ್ಪು ಬಂದಿತ್ತು, ಗುಮ್ಮುವ ಹುಮ್ಮಸ್ಸು ಹೋಗಿ ಅಂಗಳದ ನಡುವೆ ತೊಪ್ಪೆಯಾಗಿ ನೆಂದು ನಿಂತಿತ್ತು. ಚಿಕ್ಕಪ್ಪ ಟ್ರಂಕು ಇಳಿಸಿ, ಬಗ್ಗಿ, ಅದರ ಕೊಂಬು ಹಿಡಿದ. ಅಜ್ಜಿ ಪಡಸಾಲೆಯಿಂದ "ಅಯ್ಯೋ" ಅಂದಳು. ಅಷ್ಟರಲ್ಲಿ ಟಗರು ಕೊಂಬು ಬಿಡಿಸಿಕೊಂಡು, ಮೂತಿಯಿಂದ ಬಾಲದ ತನಕ ಮೈ ಕೊಡವಿತು. ನೀರೆಲ್ಲ ಚಿಕ್ಕಪ್ಪನ ಮುಖಕ್ಕೆ, ಅಂಗಿಗೆ ಸಿಡಿಯಿತು.

ಅಪ್ಪ ಅಂಗಳಕ್ಕೆ ಇಳಿಯಲು ಹೋಗಿ ಮೆಟ್ಟಿಲ ಮೇಲೇ ನಿಂತ. ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡ. ಆಮೇಲೆ ಅಂಗೈಯಿಂದ ಮುಖ ಒರೆಸಿಕೊಂಡು, ಟಗರಿನ ಬೆನ್ನ ಮೇಲೆ ಒಂದು ಏಟು ಹಾಕಿ, "ಅವ್ವ, ಇದಕ್ಕೆ ಇನ್ನೂ ಸೊಕ್ಕು ಇಳಿದಿಲ್ಲ ನೋಡು" ಅಂದ. ಅಜ್ಜಿ ಅಲ್ಲೇ ಕಂಬ ಹಿಡಿದು ಕುಸಿದು ಕೂತಳು. ಕಂಬಳಿಯಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತಳು.

ಊಟಕ್ಕೆ ಕೂತಾಗ ಅಪ್ಪ ಮುದ್ದೆಗೆ ಬೆರಳು ಊರಿ, ಎಷ್ಟೋ ಕಾಲದ ಮೇಲೆ ನನ್ನ ಕಡೆ ತಿರುಗಿದ. ನಾನಾಗಲೇ ದೊಡ್ಡವಳಾಗಿದ್ದೆ, ಬೆಣ್ಣೆಯ ಆಸೆಯ ವಯಸ್ಸು ದಾಟಿತ್ತು.

"ಪಾರಿ, ಟಗರು ಮೈ ಕೊಡವಿತಲ್ಲ, ಯಾವುದರ ಹಂಗಿತ್ತು?"

ಅಂಗಳದಲ್ಲಿ ಸಿಡಿದ ನೀರು, ಚಿಕ್ಕಪ್ಪನ ಮುಚ್ಚಿದ ಕಣ್ಣು ನನ್ನ ಮುಂದೆಯೇ ಇದ್ದವು. ನಾಲಿಗೆಯ ತುದಿಗೆ ಹೋಲಿಕೆಗಳೂ ಬಂದವು, ಒಂದಲ್ಲ, ಹತ್ತು. ಚಿಕ್ಕಪ್ಪ ತುತ್ತು ಕೈಯಲ್ಲಿ ಹಿಡಿದು ನನ್ನ ಉತ್ತರಕ್ಕೆ ಕಾಯುತ್ತಿದ್ದ.

"ಮಳೇಲಿ ನೆಂದ ಟಗರು ಮೈ ಕೊಡವಿದಂಗಿತ್ತಪ್ಪ" ಅಂದೆ.

ಅಪ್ಪ ನನ್ನನ್ನು ನೋಡಿದ, ತಮ್ಮನನ್ನು ನೋಡಿದ. ತನ್ನ ತಟ್ಟೆಯ ಬೆಣ್ಣೆಯನ್ನೆಲ್ಲ ಬಳಿದು ನನ್ನ ಮುದ್ದೆಯ ಮೇಲಿಟ್ಟ.